ಹಳೇ ಸಸ್ಪೆನ್ಷನ್ ಫೋರ್ಕ್ ಬಿಸಾಕೋ ಮುಂಚೆ ಒಂದ್ಸಲ ಬಿಚ್ಚಿ ನೋಡಿ

ಹಳೇ ಮೌಂಟೇನ್ ಬೈಕಿನ ಫೋರ್ಕ್ (ಮುಂದಿನ ಚಕ್ರ ಹಿಡ್ಕೊಂಡು ಕುಲುಕು ತಡೆಯೋ ಎರಡು ಕಾಲಿನ ಭಾಗ) ಒತ್ತಿದ್ರೆ ಕೆಳಗೆ ಹೋಗಲ್ಲ, ಹೋದ್ರೆ ಮೇಲೆ ಬರಲ್ಲ ಅಂದ ಕೂಡ್ಲೇ "ಇದು ಹೋಯ್ತು, ಹೊಸದು ಹಾಕ್ಸಿ" ಅಂತಾರೆ. ನಂಗೆ ಈ ಮಾತು ಕೇಳಿದ್ರೆ ನಿಜವಾಗ್ಲೂ ಬೇಜಾರಾಗತ್ತೆ, ಯಾಕಂದ್ರೆ ನಾನು ಬಿಚ್ಚಿರೋ ಹಳೇ ಫೋರ್ಕ್‌ಗಳಲ್ಲಿ ಜಾಸ್ತಿ ಪಾಲು ಕೆಟ್ಟೇ ಇರ್ಲಿಲ್ಲ, ಒಳಗಿನ ಆಯಿಲ್ ಒಣಗಿ, ಆಯಿಲ್ ಹೊರಗೆ ಬರದ ಹಾಗೆ ತಡೆಯೋ ರಬ್ಬರ್ ಬಳೆ ಅಂದ್ರೆ ಸೀಲ್ ಕೆಳಗೆ ಮಣ್ಣು ಸೇರ್ಕೊಂಡಿತ್ತು ಅಷ್ಟೆ.

ಆದ್ರೂ ಸ್ಪ್ಯಾನರ್ ಹಿಡಿಯೋ ಮುಂಚೆ ಚೆನ್ನಾಗಿ ತೊಳೆದು ಬೆಳಕಲ್ಲಿ ನೋಡಿ. ಎರಡು ಕಾಲನ್ನ ಮೇಲೆ ಸೇರ್ಸೋ ಕ್ರೌನ್, ಚಕ್ರದ ಮೇಲೆ ಕಮಾನಿನ ತರ ಇರೋ ಬ್ರೇಕ್ ಆರ್ಚ್, ಚಕ್ರ ಕೂರೋ ಡ್ರಾಪ್‌ಔಟ್, ಈ ಮೂರು ಕಡೆ ಕೂದಲೆಳೆಯಷ್ಟು ಬಿರುಕು ಕಂಡ್ರೂ ಆ ಫೋರ್ಕ್ ಓಡಿಸ್ಬೇಡಿ, ವೆಲ್ಡಿಂಗ್ ಅಂತೆಲ್ಲ ಹೋಗ್ಲೇಬೇಡಿ, ಮುಖ ಹಲ್ಲು ನಿಮ್ದು. ಆಮೇಲೆ ಮುಂದಿನ ಬ್ರೇಕ್ ಹಿಡಿದು ಸೈಕಲ್ ಹಿಂದೆ ಮುಂದೆ ಅಲ್ಲಾಡ್ಸಿ, ಇನ್ನೊಂದು ಕೈ ಬೆರಳು ಸೀಲ್ ಹತ್ರ ಇಟ್ಕೊಳ್ಳಿ. ಅಲ್ಲಿ ಟಕ್ ಟಕ್ ಅಂತ ಆಟ ಗೊತ್ತಾದ್ರೆ ಒಳಗೆ ಕೊಳವೆ ಜಾರೋ ಬಳೆ ಅಂದ್ರೆ ಬುಶಿಂಗ್ ಸವೆದಿದೆ, ಹ್ಯಾಂಡಲ್ ಕೆಳಗೆ ಗೊತ್ತಾದ್ರೆ ಅದು ಹ್ಯಾಂಡಲ್ ತಿರುಗೋ ಬೇರಿಂಗ್ ಅಂದ್ರೆ ಹೆಡ್‌ಸೆಟ್, ಫೋರ್ಕ್ ತಪ್ಪಲ್ಲ. ಬುಶಿಂಗ್ ಬದಲಾಯ್ಸೋಕೆ ಬೇರೆ ಟೂಲ್ಸ್ ಬೇಕು, ಹಳೇ ಮಾಡೆಲ್‌ಗೆ ಪಾರ್ಟ್ ಸಿಗೋದೂ ಕಷ್ಟ, ಹಾಗಾಗಿ ಆಟ ಜಾಸ್ತಿ ಇದ್ರೆ ಅಲ್ಲೇ ನಿಲ್ಸೋದು ಒಳ್ಳೇದು.

ಮೇಲಿನ ಹೊಳೆಯೋ ಕೊಳವೆ ಅಂದ್ರೆ ಸ್ಟ್ಯಾಂಚನ್, ಅದ್ರ ಮೇಲೆ ಉಗುರು ಓಡ್ಸಿ. ಉಗುರಿಗೆ ಸಿಕ್ಕೋ ಸಣ್ಣ ಗೀರನ್ನ 2000 ಗ್ರಿಟ್ ವಾಟರ್ ಪೇಪರ್ ಒದ್ದೆ ಮಾಡಿ ಮೆತ್ತಗೆ ತೀಡ್ಬೋದು, ಗುಳಿ ಬಿದ್ದಿದ್ರೆ ನೇಲ್ ಪಾಲಿಶ್ ಅಥವಾ ಎಪಾಕ್ಸಿ ತುಂಬಿ ಒಣಗಿದ ಮೇಲೆ ಸಮ ಮಾಡ್ಬೋದು. ಕೋಟಿಂಗೇ ಅಗಲಕ್ಕೆ ಸವೆದು ಹೋಗಿದ್ರೆ ಮಾತ್ರ ಹೊಸ ಸೀಲ್ ಹಾಕಿದ್ರೂ ಮತ್ತೆ ಲೀಕ್ ಆಗತ್ತೆ.

ಒಳಗೆ ಏನಿದೆ ಅಂತ ಗೊತ್ತಿರ್ಲಿ. 1995ರಲ್ಲಿ ಬಂದ ರಾಕ್‌ಶಾಕ್ಸ್ ಜೂಡಿ ತರದವುಗಳಲ್ಲಿ ಸ್ಪ್ರಿಂಗ್ ಜಾಗದಲ್ಲಿ ಎಲಾಸ್ಟೊಮರ್ ಅಂದ್ರೆ ರಬ್ಬರ್ ತರದ ತುಂಡುಗಳಿದ್ವು, ಇಷ್ಟು ವರ್ಷಕ್ಕೆ ಅವು ಕಲ್ಲಾಗಿರತ್ತೆ ಇಲ್ಲಾ ಬೆಲ್ಲದ ಪಾಕದ ತರ ಅಂಟಾಗಿರತ್ತೆ. ಅದಕ್ಕೆ ಎಣ್ಣೆ ಬಿಟ್ರೆ ಏನೂ ಆಗಲ್ಲ, ಉದ್ದ ಅಗಲ ಅಳೆದು ಬೇರೆ ಎಲಾಸ್ಟೊಮರ್ ಅಥವಾ ಸರಿಹೊಂದೋ ಕಾಯಿಲ್ ಸ್ಪ್ರಿಂಗ್ ಹುಡುಕ್ಬೇಕು. 1997ರ ಮಾರ್ಜೋಕಿ ಬಾಂಬರ್ ಜೆಡ್1 ತರದವು ಕಾಯಿಲ್ ಸ್ಪ್ರಿಂಗ್ ಜೊತೆ ಆಯಿಲಲ್ಲೇ ಮುಳುಗಿರೋವು, ರಿಪೇರಿಗೆ ಇದಕ್ಕಿಂತ ಒಳ್ಳೇ ಫೋರ್ಕ್ ನಂಗಂತೂ ಸಿಕ್ಕಿಲ್ಲ.

ಈಗ ಬಿಚ್ಚೋಣ. ಸ್ಪ್ರಿಂಗ್ ಬದಲು ಗಾಳಿ ತುಂಬೋ ಏರ್ ಫೋರ್ಕ್ ಆದ್ರೆ ಎಷ್ಟು ಪ್ರೆಶರ್ ಇತ್ತು ಅಂತ ಬರ್ಕೊಂಡು ಗಾಳಿ ಪೂರ್ತಿ ಬಿಡಿ, ಇದನ್ನ ಮರೆತು ಮೇಲಿನ ಕ್ಯಾಪ್ ತೆಗೆದ್ರೆ ಅದು ಗುಂಡಿನ ತರ ಹಾರತ್ತೆ. ಬ್ರೇಕ್ ಪ್ಯಾಡ್ ದೂರ ಇಡಿ, ಒಂದು ಹನಿ ಆಯಿಲ್ ಬಿದ್ರೂ ಕೆಡತ್ತೆ. ಕಾಲಿನ ತುದೀಲಿರೋ ಎರಡು ಬೋಲ್ಟನ್ನ ಪೂರ್ತಿ ತೆಗೀಬೇಡಿ, ಮೂರು ನಾಲ್ಕು ಸುತ್ತು ಸಡಿಲ ಮಾಡಿ, ಅಲೆನ್ ಕೀ ಅದ್ರಲ್ಲೇ ಇಟ್ಟು ಪ್ಲಾಸ್ಟಿಕ್ ಸುತ್ತಿಗೇಲಿ ಮೆಲ್ಲಗೆ ತಟ್ಟಿ, ಒಳಗಿನ ರಾಡ್ ಬಿಟ್ಕೊಳ್ಳತ್ತೆ. ಬೋಲ್ಟ್ ಸುಮ್ನೆ ತಿರುಗ್ತಾನೇ ಇದ್ರೆ ಒಳಗೆ ರಾಡೂ ಜೊತೆಗೆ ತಿರುಗ್ತಿದೆ ಅಂತ, ಆಗ ಯಾರಾದ್ರೂ ಫೋರ್ಕ್ ಗಟ್ಟಿಯಾಗಿ ಕೆಳಗೆ ಒತ್ತಿ ಹಿಡೀಲಿ, ಏರ್ ಫೋರ್ಕ್ ಆದ್ರೆ ಇದಕ್ಕೆ ಸ್ವಲ್ಪ ಗಾಳಿ ವಾಪಸ್ ತುಂಬ್ಬೇಕಾಗ್ಬೋದು, ನೀವು ತಿರುಗ್ಸಿ. ಕೆಳಗೊಂದು ಪಾತ್ರೆ ಇಟ್ಟು ಲೋವರ್ಸನ್ನ ಅಂದ್ರೆ ಕೆಳಗಿನ ಕಾಲುಗಳನ್ನ ನೇರ ಎಳೀರಿ, ಬರೋ ಆಯಿಲ್ ಬಣ್ಣ ನೋಡಿ, ಕಾಫಿ ತರ ಇದ್ರೆ ನೀರು ಹೋಗಿದೆ.

ಒಳಗೆಲ್ಲ ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತೆ ನೂಲು ಬಿಡದ ಬಟ್ಟೇಲಿ ಒರೆಸಿ. ಸೀಲ್ ಕೀಳೋವಾಗ ಮಾತ್ರ ಆತುರ ಬೇಡ, ಲೋವರ್ಸ್ ಹೆಚ್ಚಾಗಿ ಮೆಗ್ನೀಸಿಯಂ, ಸ್ಕ್ರೂಡ್ರೈವರ್ ತುದಿ ಜಾರಿದ್ರೆ ಸೀಲ್ ಕೂರೋ ಜಾಗಾನೇ ಗೀರಿ ಹೋಗತ್ತೆ, ಅಗಲವಾದ ಪ್ಲಾಸ್ಟಿಕ್ ಲಿವರ್ ಹಾಕಿ ಸುತ್ತಲೂ ಸ್ವಲ್ಪ ಸ್ವಲ್ಪಾನೇ ಎತ್ತಿ. ಹೊಸ ಸೀಲ್ ತರೋಕೆ ಸ್ಟ್ಯಾಂಚನ್ ವ್ಯಾಸ ಕ್ಯಾಲಿಪರಲ್ಲಿ ಅಳೀರಿ, 28, 30, 32 ಮಿಲಿಮೀಟರ್ ಎಲ್ಲಾ ಬೇರೆ ಬೇರೆ. ಫೋಮ್ ರಿಂಗ್ ಇದ್ರೆ ಆಯಿಲಲ್ಲಿ ಚೆನ್ನಾಗಿ ನೆನೆಸಿ ಹಾಕಿ, ಸೀಲ್‌ಗೆ ಫೋರ್ಕಿಗಂತಲೇ ಬರೋ ಗ್ರೀಸ್ ತೆಳ್ಳಗೆ ಸವರಿ. ಸೀಲ್ ಸುತ್ತಳತೆಗೆ ಸರಿಯಾದ ಪೈಪ್ ತುಂಡು ಇಟ್ಟು ನೇರಕ್ಕೆ ತಳ್ಳಿ, ಓರೆ ಕೂತ್ರೆ ಅಲ್ಲೇ ಲೀಕ್.

ಆಯಿಲ್ ಎಷ್ಟು ಅನ್ನೋದು ಮಾಡೆಲ್ ಮೇಲೆ ಹೋಗತ್ತೆ, ನಿಮ್ ಫೋರ್ಕಿನ ಮ್ಯಾನುವಲ್ ಹುಡುಕಿ ಅದ್ರಲ್ಲಿರೋ ಅಳತೇನೇ ಸಿರಿಂಜಲ್ಲಿ ಹಾಕಿ. ಜಾಸ್ತಿ ಹಾಕಿದ್ರೆ ಒಳ್ಳೇದು ಅನ್ಕೋಬೇಡಿ, ಆಯಿಲ್ ಒತ್ತಿದ್ರೆ ಕುಗ್ಗಲ್ಲ, ಒಳಗೆ ಗಾಳಿಗೆ ಜಾಗ ಇಲ್ದಿದ್ರೆ ಫೋರ್ಕ್ ಕೊನೇವರೆಗೂ ಹೋಗಲ್ಲ, ಸೀಲ್ ಹೊರಗೆ ತಳ್ಳಿ ಬಿಡತ್ತೆ.

ಕೆಳಗಿನ ಬೋಲ್ಟ್‌ಗಳ ವಾಷರ್ ಹೊಸದು ಹಾಕಿ, ಟಾರ್ಕ್ ರೆಂಚಲ್ಲಿ ಬಿಗೀರಿ, ರಾಕ್‌ಶಾಕ್ಸಲ್ಲಿ ಸುಮಾರು 7 ನ್ಯೂಟನ್ ಮೀಟರ್, ತೋಳ್ಬಲ ತೋರ್ಸಿದ್ರೆ ರಾಡಿನ ಥ್ರೆಡ್ ಹೋಗತ್ತೆ. ಏರ್ ಫೋರ್ಕಿಗೆ ಗಾಳಿ ತುಂಬೋಕೆ ಜಾಸ್ತಿ ಪ್ರೆಶರ್ ಕೊಡೋ ಶಾಕ್ ಪಂಪೇ ಬೇಕು. ಕೊನೇಗೆ ಸ್ಟ್ಯಾಂಚನ್‌ಗೆ ಒಂದು ಜಿಪ್ ಟೈ ಕಟ್ಟಿ ಸೀಲಿಗೆ ತಾಗ್ಸಿ, ಸೈಕಲ್ ಮೇಲೆ ಮೆಲ್ಲಗೆ ಕೂತು ಇಳೀರಿ, ಅದು ಒಟ್ಟು ಟ್ರಾವೆಲಲ್ಲಿ (ಫೋರ್ಕ್ ಪೂರ್ತಿ ಕುಗ್ಗೋ ದೂರ) ಐದನೇ ಒಂದು ಭಾಗದಿಂದ ಕಾಲು ಭಾಗದಷ್ಟು ಸರಿದಿದ್ರೆ ಸರಿ ಇದೆ. ಒಂದೆರಡು ರೈಡ್ ಆದ್ಮೇಲೆ ಬೋಲ್ಟ್ ಹತ್ರ ಎಣ್ಣೆ ಜಿನುಗ್ತಿದ್ಯಾ ಅಂತ ಬೆರಳಿಟ್ಟು ನೋಡಿ.