ಮದರ್‌ಬೋರ್ಡಿನ ಸ್ಕ್ರೂ ಮುರಿದಾಗ ತೆಗೆಯುವುದು ಹೇಗೆ?

ವರ್ಕ್‌ಸ್ಟೇಷನ್ ಕಂಪ್ಯೂಟರ್ ಜೋಡಿಸುವಾಗ ಮದರ್‌ಬೋರ್ಡಿನ ಸ್ಕ್ರೂ ಮುರಿದರೆ, ಸಾಮಾನ್ಯವಾಗಿ ತಲೆಯಷ್ಟೇ ಕಳಚಿ ಬಂದು, ಉಳಿದ ತುಂಡು ಬೋರ್ಡಿನ ಕೆಳಗಿರುವ ಸ್ಟ್ಯಾಂಡ್‌ಆಫ್ ಎಂಬ ಹಿತ್ತಾಳೆಯ ಪುಟ್ಟ ಕಂಬದೊಳಗೆ ಸಿಕ್ಕಿಕೊಳ್ಳುತ್ತದೆ. ಎರಡು ಜಾತಿಯ ಸ್ಕ್ರೂಗಳು ಬೆರೆತುಹೋಗುವುದು ಇದಕ್ಕೆ ಒಂದು ಮುಖ್ಯ ಕಾರಣ. 6-32 ಎಂಬ ಸ್ಕ್ರೂವಿನ ದಪ್ಪ ಸುಮಾರು 3.5 ಮಿ.ಮೀ., ಥ್ರೆಡ್‌ಗಳ ನಡುವಿನ ಅಂತರ ಸುಮಾರು 0.8 ಮಿ.ಮೀ.; ಎಂ3 ಸ್ಕ್ರೂವಿನಲ್ಲಿ ಇವು ಕ್ರಮವಾಗಿ 3 ಮತ್ತು 0.5 ಮಿ.ಮೀ. ಒಂದರ ಜಾಗಕ್ಕೆ ಇನ್ನೊಂದನ್ನು ಬಲವಂತವಾಗಿ ತಿರುಗಿಸಿದರೆ ಅದು ಅರ್ಧದಲ್ಲೇ ಕಚ್ಚಿಕೊಳ್ಳುತ್ತದೆ.

ಮೊದಲು ವಿದ್ಯುತ್ ತಂತಿಯನ್ನು ಕಿತ್ತು, ಗ್ರಾಫಿಕ್ಸ್ ಕಾರ್ಡನ್ನೂ ಬೋರ್ಡಿಗೆ ಸೇರಿದ ಕೇಬಲ್‌ಗಳನ್ನೂ ಬಿಡಿಸಿ, ಉಳಿದ ಸ್ಕ್ರೂಗಳನ್ನು ತೆಗೆಯಿರಿ. ಮುರಿದ ಸ್ಕ್ರೂವಿಗೆ ತಲೆಯೇ ಇಲ್ಲದಿರುವುದರಿಂದ ಬೋರ್ಡನ್ನು ನೇರವಾಗಿ ಮೇಲಕ್ಕೆ ಎತ್ತಬಹುದು. ಅದನ್ನು ದೂರದಲ್ಲಿ, ಅದರದೇ ರಟ್ಟಿನ ಪೆಟ್ಟಿಗೆಯ ಮೇಲೆ ಇಡಿ. ಬೋರ್ಡ್ ಕ್ಯಾಬಿನೆಟ್ಟಿನೊಳಗೆ (ಕಂಪ್ಯೂಟರಿನ ಹೊರಪೆಟ್ಟಿಗೆ) ಇರುವಾಗ ಡ್ರಿಲ್ ಮುಟ್ಟಲೇಬಾರದು. ಕೂದಲೆಳೆಯಷ್ಟು ಲೋಹದ ಚೂರು ಎರಡು ಪಿನ್‌ಗಳ ನಡುವೆ ಬಿದ್ದರೂ ಶಾರ್ಟ್ ಆಗಿ ಇಡೀ ಬೋರ್ಡ್ ಸುಟ್ಟುಹೋದೀತು.

ತುಂಡು ಒಂದೆರಡು ಮಿಲಿಮೀಟರ್ ಹೊರಗೆ ಕಾಣುತ್ತಿದ್ದರೆ ನೋಸ್ ಪ್ಲೈಯರ್‌ನಿಂದ ಬಿಗಿಯಾಗಿ ಹಿಡಿದು ಎಡಕ್ಕೆ ನಿಧಾನವಾಗಿ ತಿರುಗಿಸಿ. ಅದರ ಜೊತೆಗೆ ಸ್ಟ್ಯಾಂಡ್‌ಆಫ್ ಕೂಡ ತಿರುಗಿ ಬಂದರೆ ಇನ್ನೂ ಒಳ್ಳೆಯದು. ಏಕೆಂದರೆ ಬಹುತೇಕ ಕ್ಯಾಬಿನೆಟ್‌ಗಳಲ್ಲಿ ಸ್ಟ್ಯಾಂಡ್‌ಆಫ್ ತಾನೇ ಒಂದು ಬಿಡಿಭಾಗ. ತುಂಡು ಪೂರ್ತಿ ಒಳಗೇ ಉಳಿದಿದ್ದರೆ ಅದರೊಡನೆ ಗುದ್ದಾಡುವ ಬದಲು, ಆರು ಮೂಲೆಯ ಆ ಕಂಬಕ್ಕೆ ಹೊಂದುವ ನಟ್ ಡ್ರೈವರ್ (ಹೆಚ್ಚಾಗಿ 5 ಮಿ.ಮೀ.) ಹಾಕಿ ಇಡಿಯಾಗಿ ಬಿಚ್ಚಿ, ಅದೇ ಎತ್ತರದ ಹೊಸದನ್ನು ಕೂರಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಗಳಲ್ಲಿ ಬಿಡಿ ಸ್ಟ್ಯಾಂಡ್‌ಆಫ್‌ಗಳನ್ನು ಹುಡುಕಬಹುದು. ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಸುರಕ್ಷಿತವಾದ ಉಪಾಯವಿಲ್ಲ.

ಸ್ಟ್ಯಾಂಡ್‌ಆಫನ್ನು ತಗಡಿಗೇ ಒತ್ತಿ ಕೂರಿಸಿರುವ ಕ್ಯಾಬಿನೆಟ್‌ಗಳಲ್ಲಿ ಮಾತ್ರ ಡ್ರಿಲ್ ಬೇಕಾಗುತ್ತದೆ. ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಘಟಕ) ಸಹಿತ ಎಲ್ಲವನ್ನೂ ಹೊರಗಿಟ್ಟು, ಮುರಿದ ಮುಖದ ನಟ್ಟನಡುವೆ ಸೆಂಟರ್ ಪಂಚ್ ಎಂಬ ಚೂಪುಮೊನೆಯ ಉಕ್ಕಿನ ಕಡ್ಡಿಯಿಂದ ಗುಳಿ ಮಾಡಿ, ಒಂದು ಹನಿ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ. ಬಳಿಕ 2 ಮಿ.ಮೀ. ಮೀರದ ಎಡಸುತ್ತಿನ (ಎಡಕ್ಕೆ ತಿರುಗಿದಾಗ ಕೊರೆಯುವ) ಡ್ರಿಲ್ ಬಿಟ್ಟನ್ನು ಹಿಮ್ಮುಖವಾಗಿ, ಕಡಿಮೆ ವೇಗದಲ್ಲಿ ಓಡಿಸಿ. ಬಿಟ್ ಕೊರೆಯುವ ದಿಕ್ಕೂ ಸ್ಕ್ರೂ ಬಿಚ್ಚುವ ದಿಕ್ಕೂ ಒಂದೇ ಆದ್ದರಿಂದ, ಎಷ್ಟೋ ಸಲ ಕೊರೆಯುತ್ತಿರುವಾಗಲೇ ತುಂಡು ಸುತ್ತಿಕೊಂಡು ಮೇಲೆ ಬರುತ್ತದೆ.

ಚೂರುಗಳನ್ನು ಆಯಲು ಆಯಸ್ಕಾಂತವನ್ನಷ್ಟೇ ನಂಬಬೇಡಿ. ಅದು ಉಕ್ಕನ್ನು ಹಿಡಿಯುತ್ತದೆ, ಹಿತ್ತಾಳೆಯನ್ನು ಹಿಡಿಯುವುದಿಲ್ಲ. ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆದು, ಮೂಲೆಗಳಿಗೆ ಅಂಟುಪಟ್ಟಿ ಒತ್ತಿ ತೆಗೆದು, ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ.

ಬೋರ್ಡನ್ನು ಮತ್ತೆ ಇಡುವ ಮೊದಲು ಪ್ರತಿ ಸ್ಟ್ಯಾಂಡ್‌ಆಫ್‌ಗೂ ಸ್ಕ್ರೂವನ್ನು ಬರಿ ಬೆರಳಿನಿಂದ ತಿರುಗಿಸಿ ಪರೀಕ್ಷಿಸಿ. ಎರಡು ಮೂರು ಸುತ್ತು ಸರಾಗವಾಗಿ ಇಳಿಯದಿದ್ದರೆ ಬೇರೆ ಜಾತಿಯದನ್ನು ಆರಿಸಿ. ಆಮೇಲೆ ಎಲ್ಲ ಸ್ಕ್ರೂಗಳನ್ನೂ ಸಡಿಲವಾಗಿ ಕೂರಿಸಿಕೊಂಡು, ಒಂದೊಂದನ್ನೇ ತಲೆ ಬೋರ್ಡಿಗೆ ತಾಗುವವರೆಗೆ, ಅಲ್ಲಿಂದ ಕೊಂಚವೇ ಬಿಗಿಯಿರಿ.