ಪ್ರತಿಸ್ಪರ್ಧಿಯ ಮೇಲೊಂದು ಕಣ್ಣು: ಪುಕ್ಕಟೆ ಅಲರ್ಟ್ ಹಾಕುವುದು ಹೇಗೆ?

ಪ್ರತಿಸ್ಪರ್ಧಿ ಬೆಲೆ ಇಳಿಸಿದ ಸುದ್ದಿ ನನಗೆ ತಿಳಿದದ್ದು ನಮ್ಮ ಗ್ರಾಹಕರೊಬ್ಬರಿಂದ. "ಅವರು ಕಮ್ಮಿಗೆ ಕೊಡ್ತಿದ್ದಾರಲ್ಲ, ನೀವ್ಯಾಕೆ ಕೊಡಲ್ಲ?" ಅಂತ ಫೋನಿನಲ್ಲೇ ಕೇಳಿದರು. ಮಜಾ ಏನೆಂದರೆ, ಆ ಕಂಪನಿಯ ಹೆಸರಿಗೆ ನಾನು ಗೂಗಲ್ ಅಲರ್ಟ್ (ನಾವು ಕೊಟ್ಟ ಪದ ವೆಬ್‌ನಲ್ಲಿ ಹೊಸದಾಗಿ ಕಂಡರೆ ಮೇಲ್ ಕಳಿಸುವ ಸೇವೆ) ಹಾಕಿಟ್ಟು ಮೂರು ತಿಂಗಳಾಗಿತ್ತು. ದಿನಕ್ಕೆ ಹತ್ತಾರು ಮೇಲ್ ಬರುತ್ತಿದ್ದವು. ಕಾಟ ತಡೆಯಲಾರದೆ ಎಲ್ಲವನ್ನೂ ಒಂದು ಫೋಲ್ಡರಿಗೆ ತಳ್ಳಿ, ಆ ಫೋಲ್ಡರನ್ನೇ ಮರೆತಿದ್ದೆ. ಆಮೇಲೆ ತೆಗೆದು ನೋಡಿದರೆ ಬೆಲೆಯ ವಿಷಯ ಅದರಲ್ಲೂ ಇರಲಿಲ್ಲ. ಬೆಲೆ ಬದಲಾದದ್ದು ಅವರ ವೆಬ್‌ಸೈಟಿನ ಹಳೆಯ ಪುಟವೊಂದರಲ್ಲಿ. ಇದ್ದ ಪುಟದಲ್ಲಿ ಒಂದು ಅಂಕಿ ಬದಲಾದರೆ ಅಲರ್ಟ್ ಅದನ್ನು ಹೊಸ ಸುದ್ದಿ ಅಂತ ಎಣಿಸುವುದು ಕಷ್ಟ.

ಹಾಗಾಗಿ ಅಲರ್ಟ್ ಹಾಕುವ ಮೊದಲು ಒಂದು ಕಾಗದ ತೆಗೆದುಕೊಳ್ಳಿ. ನಿಮ್ಮ ಗ್ರಾಹಕರು ನಿಜವಾಗಿ ಹೋಲಿಸಿ ನೋಡುವ ಮೂರೋ ನಾಲ್ಕೋ ಹೆಸರು ಬರೆಯಿರಿ. ಇಪ್ಪತ್ತು ಬೇಡ. ಪ್ರತಿ ಹೆಸರಿನ ಎದುರು ನಿಮಗೆ ಗೊತ್ತಾಗಬೇಕಾದದ್ದು ಏನು ಅಂತ ಬರೆಯಿರಿ: ಬೆಲೆಯೋ, ಹೊಸ ಮಾಲೋ, ಜಾಹೀರಾತೋ, ಜನರ ದೂರೋ. ಒಂದೊಂದಕ್ಕೂ ಸಲಕರಣೆ ಬೇರೆ.

ಗೂಗಲ್ ಅಲರ್ಟ್: ಪದದಲ್ಲೇ ಇದೆ ಗುಟ್ಟು

ಸುದ್ದಿ, ಬ್ಲಾಗು, ಹೊಸ ವೆಬ್ ಪುಟ ಇವಕ್ಕೆಲ್ಲ ಗೂಗಲ್ ಅಲರ್ಟ್ಸ್ ಸಾಕು. 2003ರಿಂದ ಇದೆ, ಇವತ್ತಿಗೂ ಬಿಟ್ಟಿ. ಗೂಗಲ್‌ನಲ್ಲಿ ಅದರ ಹೆಸರು ಹುಡುಕಿ ತೆರೆದರೆ ಒಂದೇ ಒಂದು ಪೆಟ್ಟಿಗೆ ಕಾಣುತ್ತದೆ. ಅದರಲ್ಲಿ ಪದ ಹಾಕುತ್ತಿದ್ದಂತೆ, ಎಂಥ ಫಲಿತಾಂಶ ಬರಬಹುದು ಅನ್ನುವ ಮಾದರಿ ಕೆಳಗೆ ಮೂಡುತ್ತದೆ. ಬಹಳ ಜನ ಅದನ್ನು ನೋಡದೆ ಬಟನ್ ಒತ್ತಿಬಿಡುತ್ತಾರೆ. ನಾನೂ ಹಾಗೇ ಮಾಡಿದ್ದು.

ನಿಮ್ಮ ಪ್ರತಿಸ್ಪರ್ಧಿಯ ಹೆಸರು 'ಸೂರ್ಯ' ಎಂದಿಟ್ಟುಕೊಳ್ಳಿ, ಅವರು ಮಾಡುವುದು ಬ್ಯಾಗು. ಬರೀ ಸೂರ್ಯ ಅಂತ ಹಾಕಿದರೆ ಗ್ರಹಣ, ರಾಶಿಫಲ, ಸಿನಿಮಾ ನಟ ಎಲ್ಲ ಬಂದು ಮೇಲ್‌ಬಾಕ್ಸಿನಲ್ಲಿ ಕೂರುತ್ತಾರೆ. 'ಸೂರ್ಯ ಬ್ಯಾಗ್ಸ್' ಎಂದು ಎರಡೂ ಪದಗಳನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಕಿ. ಆಗ ಆ ಎರಡು ಪದ ಅದೇ ಕ್ರಮದಲ್ಲಿ ಒಟ್ಟಿಗೆ ಇರುವ ಪುಟಗಳೇ ಮುಖ್ಯವಾಗಿ ಬರುತ್ತವೆ. ಆದರೂ ಗ್ರಹಣ ನುಸುಳಿದರೆ, ಮೈನಸ್ ಚಿಹ್ನೆ ಹಾಕಿ, ಜಾಗ ಬಿಡದೆ ಅದಕ್ಕೆ ಅಂಟಿಸಿ 'ಗ್ರಹಣ' ಎಂದು ಬರೆಯಿರಿ. ಆ ಪದ ಇರುವ ಪುಟಗಳು ಹೊರಗುಳಿಯುತ್ತವೆ. ಹೆಸರನ್ನು ಜನ ಎರಡು ಥರ ಬರೆಯುತ್ತಾರಾ? ಎರಡನ್ನೂ ಹಾಕಿ, ನಡುವೆ ಇಂಗ್ಲಿಷಿನ 'ಆರ್' (OR, ಅಂದರೆ 'ಅಥವಾ') ಪದವನ್ನು ದೊಡ್ಡಕ್ಷರಗಳಲ್ಲಿ ಬರೆಯಿರಿ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೆಸರು ಓಡಾಡುತ್ತಿದ್ದರೆ ನಾನು ಎರಡು ಬೇರೆ ಅಲರ್ಟ್ ಇಡುತ್ತೇನೆ, ಗೋಜಲು ಕಮ್ಮಿ.

ಇನ್ನು ಪೆಟ್ಟಿಗೆಯ ಕೆಳಗಿನ ಆಯ್ಕೆಗಳು. ಎಷ್ಟು ಸಲ ಕಳಿಸಬೇಕು ಅನ್ನುವುದಕ್ಕೆ ಮೂರು ಉತ್ತರ ಇವೆ: ಬಂದ ಕೂಡಲೇ, ದಿನಕ್ಕೊಮ್ಮೆ, ವಾರಕ್ಕೊಮ್ಮೆ. 'ಬಂದ ಕೂಡಲೇ' ನೋಡಲು ಚೆಂದ, ಬಾಳಲು ಕಷ್ಟ. ವಾರಕ್ಕೊಮ್ಮೆ ಇಡಿ. ನಿಮ್ಮ ಸ್ವಂತ ಬ್ರ್ಯಾಂಡ್ ಹೆಸರಿಗೆ ಮಾತ್ರ 'ಬಂದ ಕೂಡಲೇ' ಇರಲಿ, ಏಕೆಂದರೆ ಯಾರಾದರೂ ನಿಮ್ಮ ಬಗ್ಗೆ ದೂರು ಬರೆದರೆ ವಾರ ಕಾಯಲಾಗದು. ಭಾಷೆ, ದೇಶ ಆರಿಸಿ. ಮೇಲ್ ಬೇಡ ಅನ್ನುವವರು ಗೂಗಲ್ ಖಾತೆಗೆ ಲಾಗಿನ್ ಆಗಿ, ತಲುಪಿಸುವ ಜಾಗದಲ್ಲಿ ಆರ್‌ಎಸ್‌ಎಸ್ ಫೀಡ್ (ಹೊಸದಾಗಿ ಬಂದದ್ದರ ಪಟ್ಟಿ ಸಿಗುವ ಕೊಂಡಿ) ಆರಿಸಬಹುದು. ಆ ಕೊಂಡಿಯನ್ನು ಫೀಡ್‌ಲಿ ಅಥವಾ ಇನೋರೀಡರ್‌ನಂಥ ಓದುಗ ಆ್ಯಪಿಗೆ ಕೊಟ್ಟರೆ ಎಲ್ಲವೂ ಒಂದೇ ಕಡೆ ಪೇಪರ್ ಓದಿದ ಹಾಗೆ ಸಿಗುತ್ತದೆ. ಎರಡಕ್ಕೂ ಪುಕ್ಕಟೆ ಖಾತೆ ಇದೆ.

ಪುಟ ಕಾಯುವವರು

ನನಗೆ ಕೈಕೊಟ್ಟದ್ದು ಇಲ್ಲೇ. ಬೆಲೆ ಪುಟ ಬದಲಾಯಿತಾ ಅಂತ ಕಾಯಲು ವಿಷುವಲ್‌ಪಿಂಗ್, ಡಿಸ್ಟಿಲ್ ಥರದವು ಬೇಕು. ಇವು ಒಂದು ಪುಟವನ್ನು ಆಗಾಗ ತೆರೆದು, ಹಿಂದಿನದಕ್ಕೆ ಹೋಲಿಸಿ, ವ್ಯತ್ಯಾಸ ಕಂಡರೆ ತಿಳಿಸುತ್ತವೆ. ಪುಕ್ಕಟೆ ಖಾತೆಯಲ್ಲಿ ಎಷ್ಟು ಸಲ ನೋಡಬಹುದು ಅನ್ನುವುದಕ್ಕೆ ಮಿತಿ ಇದೆ. ಸಣ್ಣ ವ್ಯಾಪಾರಕ್ಕೆ ದಿನಕ್ಕೊಮ್ಮೆ ಸಾಕು, ಅಲ್ವಾ?

ಇಡೀ ಪುಟ ಕಾಯಲು ಬಿಡಬೇಡಿ. ಮೇಲೆ ಓಡುವ ಬ್ಯಾನರ್ ಬದಲಾದಾಗಲೆಲ್ಲ ಕೂಗುತ್ತದೆ. ಮೌಸ್‌ನಿಂದ ಬೆಲೆ ಇರುವ ಚೌಕವನ್ನಷ್ಟೇ ಆರಿಸಿ. ಡಿಸ್ಟಿಲ್ ಅನ್ನು ಬ್ರೌಸರ್ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸುವ ಪುಟ್ಟ ಪ್ರೋಗ್ರಾಮ್) ಆಗಿ ಹಾಕಿಕೊಂಡು ನಿಮ್ಮ ಕಂಪ್ಯೂಟರಿನಲ್ಲೇ ಓಡಿಸಿದರೆ, ಬ್ರೌಸರ್ ಮುಚ್ಚಿದ ಮೇಲೆ ಅದೂ ಮಲಗುತ್ತದೆ. ಇದು ನೆನಪಿರಲಿ.

ಬೆಲೆ ಪುಟದ ಜತೆ ಅವರ 'ಕೆಲಸ ಖಾಲಿ ಇದೆ' ಪುಟವನ್ನೂ ಕಾಯಿರಿ. ನನ್ನ ಮಟ್ಟಿಗೆ ಪತ್ರಿಕಾ ಪ್ರಕಟಣೆಗಿಂತ ಇದೇ ಹೆಚ್ಚು ಮಾತಾಡುತ್ತದೆ. ಈವರೆಗೆ ಅಂಗಡಿಗಳಿಗೆ ಮಾತ್ರ ಮಾಲು ಕೊಡುತ್ತಿದ್ದವರು ಒಮ್ಮೆಗೇ ಡೆಲಿವರಿ ನೋಡಿಕೊಳ್ಳುವವರು ಬೇಕು ಅಂತ ಹಾಕಿದರೆ, ನೇರ ಮಾರಾಟಕ್ಕೆ ಇಳಿಯುವ ಯೋಚನೆ ಇರಬಹುದು. ಖಚಿತ ಅಂತಲ್ಲ, ಆದರೆ ಕಿವಿ ನಿಮಿರಿಸಲು ಅಷ್ಟು ಸಾಕು.

ಪುಟ ಮೊದಲು ಹೇಗಿತ್ತು ಅಂತ ನೋಡಬೇಕೇ? ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ವಿಳಾಸ ಹಾಕಿ. ಹಳೆಯ ಪ್ರತಿಗಳು ಉಳಿದಿದ್ದರೆ ತಾರೀಖಿನ ಸಮೇತ ತೋರಿಸುತ್ತದೆ.

ಜಾಹೀರಾತು, ದೂರು

ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಪೋಸ್ಟುಗಳ ವಿಷಯದಲ್ಲಿ ಗೂಗಲ್ ಅಲರ್ಟ್ ನಂಬಬೇಡಿ, ಹೆಚ್ಚಿನವು ಅದರ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿನ ಜಾಹೀರಾತು ನೋಡಲು, ಎರಡರ ಒಡೆಯ ಕಂಪನಿ ಮೆಟಾದ ಆ್ಯಡ್ ಲೈಬ್ರರಿ ಇದೆ. ದೇಶ ಆರಿಸಿ, 'ಎಲ್ಲ ಜಾಹೀರಾತು' ಒತ್ತಿ, ಪೇಜಿನ ಹೆಸರು ಹಾಕಿ. ಈಗ ಓಡುತ್ತಿರುವ ಜಾಹೀರಾತುಗಳು, ಶುರುವಾದ ತಾರೀಖಿನ ಸಮೇತ ಕಾಣುತ್ತವೆ. ತಾರೀಖು ನೋಡಿ. ಒಂದೇ ಜಾಹೀರಾತು ತಿಂಗಳುಗಟ್ಟಲೆ ಓಡುತ್ತಿದ್ದರೆ, ಅದರಿಂದ ಅವರಿಗೆ ಏನೋ ಗಿಟ್ಟುತ್ತಿರಬೇಕು. ಸುಮ್ನೆ ಯಾರು ದುಡ್ಡು ಸುರಿಯುತ್ತಾರೆ? ಗೂಗಲ್ ಮತ್ತು ಯೂಟ್ಯೂಬ್ ಜಾಹೀರಾತಿಗೆ ಇಂಥದೇ ಆ್ಯಡ್ಸ್ ಟ್ರಾನ್ಸ್‌ಪರೆನ್ಸಿ ಸೆಂಟರ್ 2023ರಿಂದ ಇದೆ. ಎರಡೂ ತಾವಾಗಿ ಮೇಲ್ ಕಳಿಸುವುದಿಲ್ಲ, ನೀವೇ ಹೋಗಿ ನೋಡಬೇಕು.

ಅವರ ಆ್ಯಪ್ ಇದ್ದರೆ ಅದರ ಇತ್ತೀಚಿನ ಒಂದು ಸ್ಟಾರ್, ಎರಡು ಸ್ಟಾರ್ ವಿಮರ್ಶೆಗಳನ್ನು ಓದಿ. ಅವರ ಗ್ರಾಹಕರು ಬೈಯುತ್ತಿರುವುದು ಡೆಲಿವರಿಗಾ, ಗುಣಮಟ್ಟಕ್ಕಾ ತಿಳಿಯುತ್ತದೆ.

ಒಂದು ಗೆರೆ ಮಾತ್ರ ದಾಟಬೇಡಿ. ಎಲ್ಲರಿಗೂ ಕಾಣುವುದನ್ನು ನೋಡಿ, ಅಷ್ಟೇ. ಸುಳ್ಳು ಹೆಸರಿನಲ್ಲಿ ಖಾತೆ ತೆರೆದು ಅವರ ಡೀಲರ್ ಪೋರ್ಟಲಿಗೆ ನುಗ್ಗುವುದು ಗಮನಿಸುವುದಲ್ಲ, ಕಳ್ಳತನ.

ನಾನು ಈಗ ಸೋಮವಾರ ಬೆಳಿಗ್ಗೆ ಅರ್ಧ ಗಂಟೆ ಇದಕ್ಕೆ ಇಟ್ಟಿದ್ದೇನೆ. ವಾರದ ಮೇಲ್ ಓದಿ, ಆ್ಯಡ್ ಲೈಬ್ರರಿ ಒಮ್ಮೆ ತೆರೆದು, ಒಂದು ಎಕ್ಸೆಲ್ ಹಾಳೆಯಲ್ಲಿ ತಾರೀಖು, ಹೆಸರು, ಏನು ಬದಲಾಯಿತು ಅಂತ ಮೂರೇ ಕಾಲಮ್ ತುಂಬುತ್ತೇನೆ. ತಿಂಗಳಿಡೀ ಆ ಹಾಳೆಗೆ ಒಂದು ಸಾಲನ್ನೂ ಕೊಡದ ಅಲರ್ಟ್ ಇದ್ದರೆ ಪದ ಬದಲಿಸುತ್ತೇನೆ. ಮುಂದಿನ ತಿಂಗಳೂ ಅದೇ ಕತೆಯಾದರೆ ಅಳಿಸಿ ಹಾಕುತ್ತೇನೆ.