ತೋಟದ ಮನೆಯ ಕೋವಿ: ಲೈಸೆನ್ಸ್, ಮಳೆಗಾಲ, ಠೇವಣಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಒಂದು ಮನೆಯಲ್ಲಿ ಕೋವಿ ಇದೆ ಅಂದರೆ ಅದು ಹೆಚ್ಚಾಗಿ ಹಂದಿ, ಮಂಗಗಳ ಕಾಟಕ್ಕೆ ಇಟ್ಟುಕೊಂಡದ್ದು. ಆದರೆ ಕೋವಿ ಇರುವವರು ಕಷ್ಟಕ್ಕೆ ಸಿಕ್ಕಿಬೀಳುವುದು ಹಂದಿಯಿಂದಲ್ಲ. ಅವಧಿ ಮುಗಿದ ಲೈಸೆನ್ಸ್, ತುಕ್ಕು ಹಿಡಿದ ನಳಿಗೆ, ಚುನಾವಣೆ ವೇಳೆ ರಸೀದಿಯಿಲ್ಲದೆ ಠಾಣೆಗೆ ಕೊಟ್ಟ ಠೇವಣಿ, ತೀರಿಕೊಂಡ ಅಪ್ಪನ ಹೆಸರಲ್ಲೇ ಉಳಿದ ಕೋವಿ, ಈ ನಾಲ್ಕರಿಂದ. ನಾಲ್ಕನ್ನೂ ಮೊದಲೇ ತಪ್ಪಿಸಬಹುದು.

ಪಿಸ್ತೂಲ್ ಬೇಕೇ?

ಮೊದಲು ಈ ಮಾತು ಮುಗಿಸೋಣ, ಯಾಕೆಂದರೆ ಅಡಿಕೆಗೆ ಒಳ್ಳೆ ದರ ಬಂದ ವರ್ಷ ಈ ಆಸೆ ಹುಟ್ಟುತ್ತದೆ. ಸಾಮಾನ್ಯ ನಾಗರಿಕರಿಗೆ ಹೆಚ್ಚಾಗಿ ಸಿಗುವುದು .32 ಬೋರಿನ (ಬೋರ್ ಅಂದರೆ ನಳಿಗೆಯ ಒಳಗಿನ ಅಳತೆ) ರಿವಾಲ್ವರ್ ಅಥವಾ ಪಿಸ್ತೂಲ್. 9 ಎಂ.ಎಂ. ನಿಷಿದ್ಧ ಬೋರ್, ಅದರ ಯೋಚನೆಯೇ ಬೇಡ. .32ರಲ್ಲಿ 15-20 ಮೀಟರ್ ಆಚೆ ಗುರಿ ಹಿಡಿಯುವುದು ಅಭ್ಯಾಸ ಇದ್ದವರಿಗೂ ಕಷ್ಟ. ಹಂದಿಗೆ ತಾಗಿದರೂ ಅದು ಬೀಳುವುದಿಲ್ಲ, ಗಾಯಗೊಂಡು ಮೈಮೇಲೆ ಬರುತ್ತದೆ. ಅರ್ಜಿಯಲ್ಲಿ 'ಆತ್ಮರಕ್ಷಣೆ' ಎಂದು ಬರೆದರೆ ಸಾಲದು, ಜೀವಕ್ಕೆ ಬೆದರಿಕೆ ಇದೆ ಎಂಬುದಕ್ಕೆ ಪೊಲೀಸ್ ದೂರಿನ ಪ್ರತಿಯಂಥ ದಾಖಲೆ ಕೇಳುತ್ತಾರೆ. ಮಂಡಿಯಿಂದ ದುಡ್ಡು ತರುವ ದಿನದ ಭಯಕ್ಕಾದರೆ ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳುವುದೇ ಒಳ್ಳೆಯ ಉಪಾಯ.

ಲೈಸೆನ್ಸ್ ಇದ್ದವರಿಗೂ ನಿಯಮ ಬಿಗಿ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಪಿಸ್ತೂಲ್ ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲಿ, ಪೂರ್ತಿ ಮುಚ್ಚಿಕೊಂಡಿರಬೇಕು. ಸೊಂಟದಲ್ಲಿ ಕಾಣುವ ಹಾಗೆ ಸಿಕ್ಕಿಸಿಕೊಂಡು ಜಾತ್ರೆಗೆ, ಮದುವೆಗೆ ಹೋಗುವುದು ಧೈರ್ಯವಲ್ಲ, ನಿಯಮಭಂಗ. ಮದುವೆ ಮನೆಯಲ್ಲಿ ಸಂಭ್ರಮಕ್ಕೆ ಈಡು ಹೊಡೆದು ಬೇರೆಯವರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ತೋಟದ ಮನೆಗೆ ಬೇಕಾದ್ದು 12 ಬೋರಿನ ಒಂಟಿ ನಳಿಗೆ ಅಥವಾ ಜೋಡು ನಳಿಗೆ ಕೋವಿ. ಅಷ್ಟೇ ಸಾಕು.

ಲೈಸೆನ್ಸ್ ಮಾಡಿಸುವುದು

ಕೊಡವರಿಗೂ ಜಮ್ಮಾ (ಕೊಡಗಿನ ಪಾರಂಪರಿಕ ಜಮೀನು) ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ ನಮಗೂ ಇದೆ ಎಂದು ನಂಬಿದವರು ಇನ್ನೂ ಇದ್ದಾರೆ. ಅದು ಕೊಡಗಿನವರಿಗೆ ಮಾತ್ರ. ಶಿವಮೊಗ್ಗ ಜಿಲ್ಲೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿಗೂ ಲೈಸೆನ್ಸ್ ಬೇಕು.

21 ವರ್ಷ ತುಂಬಿರಬೇಕು. ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ. ಅರ್ಜಿಯನ್ನು ಕೇಂದ್ರ ಗೃಹ ಇಲಾಖೆಯ ಶಸ್ತ್ರ ಲೈಸೆನ್ಸ್ ಪೋರ್ಟಲ್ಲಿನಲ್ಲಿ ತುಂಬಿ, ಅದರ ಪ್ರಿಂಟನ್ನು ದಾಖಲೆಗಳ ಜೊತೆ ಕಚೇರಿಗೆ ಕೊಡುವುದು ಕ್ರಮ. ಆಧಾರ್, ಫೋಟೋ, ವಯಸ್ಸಿನ ದಾಖಲೆ, ಪಹಣಿ, ಶಸ್ತ್ರ ಬಳಕೆಯ ತರಬೇತಿ ಪ್ರಮಾಣಪತ್ರ, ದೇಹ ಮತ್ತು ಮನಸ್ಸಿನ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ, ಕೋವಿಯನ್ನು ಭದ್ರವಾಗಿ ಇಡುತ್ತೇನೆ ಎಂಬ ಮುಚ್ಚಳಿಕೆ ಬೇಕು. ಪಹಣಿಯಲ್ಲಿ ಬೆಳೆಯ ಕಾಲಂ ಸರಿ ಇದೆಯೇ ನೋಡಿಕೊಳ್ಳಿ. ಬೆಳೆ ರಕ್ಷಣೆಗೆ ಎಂದು ಬರೆದು, ಪಹಣಿಯಲ್ಲಿ ಬೆಳೆಯೇ ನಮೂದಾಗಿರದಿದ್ದರೆ ಕಡತ ಅಲ್ಲೇ ಕೂರುತ್ತದೆ.

ಮಲೆನಾಡಿನವರ ಅರ್ಜಿ ತಿಂಗಳುಗಟ್ಟಲೆ ಸಿಕ್ಕಿಕೊಳ್ಳಲು ಇನ್ನೊಂದು ಕಾರಣ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಪ್ರಕಾರ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಹೊಸ ಲೈಸೆನ್ಸ್ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ಶೆಟ್ಟಿಹಳ್ಳಿ, ಶರಾವತಿ ಕಣಿವೆ, ಸೋಮೇಶ್ವರ, ಮೂಕಾಂಬಿಕಾ, ಭದ್ರಾ ಇವುಗಳ ಸುತ್ತ 10 ಕಿಲೋಮೀಟರ್ ಗೆರೆ ಎಳೆದು ನೋಡಿ, ಎಷ್ಟು ಊರು ಒಳಗೆ ಬರುತ್ತದೆ ಎಂದು. ನಿಮ್ಮ ಊರೂ ಬಂದರೆ ಅರಣ್ಯ ಇಲಾಖೆಗೆ ಕಡತ ಹೋಗಿದೆಯೇ, ಯಾವ ತಾರೀಖಿಗೆ, ಯಾವ ಪತ್ರ ಸಂಖ್ಯೆಯಲ್ಲಿ ಎಂದು ಬರೆದಿಟ್ಟುಕೊಂಡು ಆ ಸಂಖ್ಯೆ ಹಿಡಿದೇ ವಿಚಾರಿಸಿ. ಬರೀ ಹೆಸರು ಹೇಳಿಕೊಂಡು ಹೋದರೆ ನಾಳೆ ಬನ್ನಿ ಎನ್ನುತ್ತಾರೆ. ಈಗಾಗಲೇ ಲೈಸೆನ್ಸ್ ಇದ್ದು ಆ ವ್ಯಾಪ್ತಿಯಲ್ಲಿ ಮನೆ ಇರುವವರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕೆಂದೂ ಅದೇ ಕಲಂ ಹೇಳುತ್ತದೆ. ಇದು ತುಂಬ ಜನಕ್ಕೆ ಗೊತ್ತೇ ಇಲ್ಲ.

ಜಮೀನು ಕಡಿಮೆ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 14ನೇ ಕಲಂ ಸ್ಪಷ್ಟವಾಗಿದೆ: ಸಾಕಷ್ಟು ಆಸ್ತಿಯಿಲ್ಲ ಎಂಬುದು ನಿರಾಕರಣೆಗೆ ಕಾರಣವಲ್ಲ. ಒಂದೆಕರೆ ತೋಟದವನಿಗೂ ಹಂದಿ ಕಾಟ ಅಷ್ಟೇ, ಅವನ ನಷ್ಟ ಇನ್ನೂ ದೊಡ್ಡದು. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆದು, 30 ದಿನದೊಳಗೆ ಮೇಲ್ಮನವಿ ಹಾಕಿ.

ಲೈಸೆನ್ಸ್ ಕೈಗೆ ಬಂದಾಗ ಮೂರು ಜಾಗ ಓದಿ: ಯಾವ ಪ್ರದೇಶಕ್ಕೆ ಅನ್ವಯ, ಒಂದು ಸಲಕ್ಕೆ ಮತ್ತು ವರ್ಷಕ್ಕೆ ಎಷ್ಟು ತೋಟೆ (ಕಾರ್ಟ್ರಿಜ್), ಅವಧಿ ಎಂದಿನವರೆಗೆ. 2019ರ ತಿದ್ದುಪಡಿಯ ನಂತರ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ, ಒಬ್ಬರ ಹತ್ತಿರ ಇರಬಹುದಾದ ಕೋವಿ 3ರಿಂದ 2ಕ್ಕೆ ಇಳಿದಿದೆ. ಐದು ವರ್ಷ ಅಂದರೆ ಮರೆತುಹೋಗುವಷ್ಟು ಉದ್ದ. ಅವಧಿ ಮುಗಿಯಲು ಮೂರು ತಿಂಗಳಿರುವಾಗಲೇ ನವೀಕರಣಕ್ಕೆ ಕೊಡಿ. ತಡವಾದರೆ ಮನೆಯಲ್ಲಿರುವ ಅದೇ ಕೋವಿ ಅಕ್ರಮ ಶಸ್ತ್ರವಾಗುತ್ತದೆ.

ಎಲ್ಲಿ ಹಿಡಿಯಬಹುದು, ಎಲ್ಲಿ ಹೊಡೆಯಬಹುದು

ಬೆಳೆ ರಕ್ಷಣೆಯ ಲೈಸೆನ್ಸ್ ಎಂದರೆ ಪ್ರಾಣಿ ಕೊಲ್ಲುವ ಪರವಾನಗಿ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಕಾಡುಕೋಣ, ನವಿಲು, ಆನೆ ವನ್ಯಜೀವಿ ಕಾಯ್ದೆಯ 1ನೇ ಅನುಸೂಚಿಯಲ್ಲಿವೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ. ಕಾಡುಹಂದಿ 2ನೆಯದರಲ್ಲಿದೆ. ನಿಂತ ಬೆಳೆಗೆ ಹಾನಿ ಮಾಡುವ ಹಂದಿ ಹೊಡೆಯಲು ಅದೇ ಕಾಯ್ದೆಯ 11ನೇ ಕಲಂ ಅಡಿ ಅಧಿಕಾರಿಯ ಲಿಖಿತ ಅನುಮತಿ ಬೇಕು. ವಲಯ ಅರಣ್ಯಾಧಿಕಾರಿಗೆ ಸರ್ವೆ ನಂಬರ್, ಹಾನಿಯ ಫೋಟೋ, ತಾರೀಖು ಹಾಕಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ 'ಹೊಡೀರಿ, ನೋಡ್ಕೊಳ್ಳೋಣ' ನಾಳೆ ಸಾಕ್ಷಿಗೆ ಬರುವುದಿಲ್ಲ. ಮೇಲೆ ಬಿದ್ದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಹೊಡೆದರೆ ಅಪರಾಧವಲ್ಲ. ಆದರೆ ಸತ್ತ ಪ್ರಾಣಿ ಸರ್ಕಾರದ್ದು, ಮಾಂಸ ಪಾಲು ಹಾಕಿಕೊಂಡ ಕ್ಷಣ ಆತ್ಮರಕ್ಷಣೆಯ ಮಾತು ಬಿದ್ದುಹೋಗುತ್ತದೆ. .177 ಬೋರಿನ ಸಣ್ಣ ಏರ್‌ಗನ್ನಿಗೆ ಲೈಸೆನ್ಸ್ ಬೇಡ, ನಿಜ. ಹಾಗೆಂದು ಅದರಲ್ಲಿ ಮಂಗನಿಗೆ ಹೊಡೆಯಲು ಅನುಮತಿ ಸಿಕ್ಕಂತಲ್ಲ.

ಸೊಪ್ಪಿನಬೆಟ್ಟದಿಂದ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು) ಸೊಪ್ಪು ತರುವ ಹಕ್ಕಿದೆ, ಕೋವಿ ಹಿಡಿದು ತಿರುಗುವ ಹಕ್ಕಿಲ್ಲ. ಅಭಯಾರಣ್ಯದೊಳಗೆ ಲಿಖಿತ ಅನುಮತಿಯಿಲ್ಲದೆ ಯಾವ ಆಯುಧವನ್ನೂ ಒಯ್ಯುವಂತಿಲ್ಲ ಎಂದು ವನ್ಯಜೀವಿ ಕಾಯ್ದೆಯ 31ನೇ ಕಲಂ ಹೇಳುತ್ತದೆ. ಕೋವಿ ರಿಪೇರಿಗೆ ಶಿವಮೊಗ್ಗಕ್ಕೆ ಒಯ್ಯುವಾಗ ಕಾಡಿನೊಳಗಿನ ಹತ್ತಿರದ ದಾರಿ ಬಿಟ್ಟು ಸುತ್ತು ದಾರಿ ಹಿಡಿಯಿರಿ. ತೋಟೆ ತೆಗೆದು, ನಳಿಗೆ ಬಿಚ್ಚಿ, ಚೀಲದೊಳಗೆ ಹಾಕಿ, ಮೂಲ ಲೈಸೆನ್ಸ್ ಜೊತೆಗಿಟ್ಟುಕೊಳ್ಳಿ. ಬೇರೆಯವರ ಕೈಲಿ ರಿಪೇರಿಗೆ ಕಳಿಸುವುದಾದರೆ ನಿಮ್ಮ ಸಹಿಯ ಅಧಿಕಾರ ಪತ್ರ ಕಡ್ಡಾಯ. ರಾತ್ರಿ ಕಾವಲಿಗೆ ಕೆಲಸದವನ ಕೈಗೆ ಕೋವಿ ಕೊಟ್ಟು ಮಲಗುವುದು ಎಂದೂ ಬೇಡ.

ಹೆದರಿಸಲು ಈಡು ಹೊಡೆಯುವಾಗ ಆಕಾಶಕ್ಕೂ ಬೇಡ, ಗುಡ್ಡದ ತಲೆಯ ಕಡೆಗೂ ಬೇಡ. ಗುಡ್ಡದಾಚೆ ಯಾರದೋ ಮನೆ ಇರುತ್ತದೆ, ಎಸ್.ಜಿ. ಎಂಬ ದಪ್ಪ ಚರೆ (ತೋಟೆಯೊಳಗಿನ ಸೀಸದ ಗುಂಡು) ನೂರಾರು ಮೀಟರ್ ಹಾರುತ್ತದೆ. ಎದುರಿಗೆ ಗೋಡೆಯಂತೆ ನಿಂತ ಮಣ್ಣಿನ ಧರೆ ಇರುವ ಜಾಗ ಹಗಲಲ್ಲೇ ಗೊತ್ತು ಮಾಡಿಕೊಂಡು, ರಾತ್ರಿ ಅಲ್ಲಿಂದ ಅದೇ ದಿಕ್ಕಿಗೆ ಹೊಡೆಯಿರಿ. ಸದ್ದಿಗೆ ಸಣ್ಣ ಚರೆಯ 8ನೇ ನಂಬರ್ ತೋಟೆ ಸಾಕು. ನಂಬರ್ ದೊಡ್ಡದಾದಷ್ಟು ಚರೆ ಸಣ್ಣದು. ಸಂಕ (ಕಾಲುಸೇತುವೆ), ತಡಬೆ (ಬೇಲಿ ದಾಟುವ ಮೆಟ್ಟಿಲು), ಅಗಳ (ಕಂದಕ) ದಾಟುವಾಗ ಕೋವಿಯ ನಳಿಗೆ ಬಗ್ಗಿಸಿ ತೆರೆದು ತೋಟೆ ಹೊರಗೆ ತೆಗೆಯಿರಿ. ಪಾಚಿ ಹಿಡಿದ ಸಂಕದ ಮೇಲೆ ಕಾಲು ಜಾರಿದವನು ಮೊದಲು ಬಿಗಿ ಹಿಡಿಯುವುದು ಕೈಲಿದ್ದದ್ದನ್ನೇ.

ಮಳೆಗಾಲದ ಕೋವಿ

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗಿನ ಗಾಳಿಯೇ ಒದ್ದೆ. ಕೋವಿಯನ್ನು ಚರ್ಮದ ಚೀಲದಲ್ಲಿ ಹಾಕಿ ಕಪಾಟಿಗೆ ತಳ್ಳಿಬಿಡುವುದು ದೊಡ್ಡ ತಪ್ಪು. ಚರ್ಮ ನೀರು ಹೀರಿ ಹಿಡಿದುಕೊಳ್ಳುತ್ತದೆ, ಕಬ್ಬಿಣ ಅದರೊಳಗೆ ಬೇಯುತ್ತದೆ. ಒಲೆಯ ಮೇಲಿನ ಅಟ್ಟವೂ ಬೇಡ, ಮಸಿ ಮತ್ತು ಹೊಗೆಯ ಜಿಡ್ಡು ತೇವ ಹಿಡಿಯುತ್ತದೆ.

ಹೊಡೆದ ದಿನವೇ ಶುಚಿ ಮಾಡಿ. ತೋಟೆ ಇಲ್ಲ ಎಂದು ಕಣ್ಣಿಂದ ನೋಡಿ, ನಳಿಗೆ ಬಿಚ್ಚಿ. ಹಿತ್ತಾಳೆ ಬ್ರಷ್‌ಗೆ ಸೀಮೆಎಣ್ಣೆ ಹಚ್ಚಿ ತೋಟೆ ಕೂರುವ ಕಡೆಯಿಂದ ಬಾಯಿಯವರೆಗೆ 10-12 ಸಲ ಎಳೆಯಿರಿ. ಹಳೆಯ ಹತ್ತಿ ಪಂಚೆಯ ಅಂಗೈಯಗಲ ತುಂಡುಗಳನ್ನು ಸರಳಿಗೆ ಸುತ್ತಿ, ಬಟ್ಟೆ ಬೆಳ್ಳಗೆ ಹೊರಬರುವವರೆಗೆ ಒರೆಸಿ. ಸೀಮೆಎಣ್ಣೆಯನ್ನೇ ಬಿಟ್ಟರೆ ಅದು ಆರಿಹೋಗಿ ಮರುವಾರವೇ ಕೆಂಪು ಚುಕ್ಕೆ ಏಳುತ್ತದೆ. ಆದ್ದರಿಂದ ಕೊನೆಗೆ ಗನ್ ಎಣ್ಣೆ, ಇಲ್ಲದಿದ್ದರೆ ಹೊಲಿಗೆ ಯಂತ್ರದ ಎಣ್ಣೆ, ನಾಲ್ಕೈದು ಹನಿ ಬಟ್ಟೆಗೆ ಹಾಕಿ ತೆಳ್ಳಗೆ ಹಚ್ಚಿ. ಕೊಬ್ಬರಿ ಎಣ್ಣೆ ಬೇಡ. ಚಳಿಗೆ ಹೆಪ್ಪುಗಟ್ಟಿ, ಧೂಳು ಸೇರಿ, ಒಳಗಿನ ಸ್ಪ್ರಿಂಗ್ ಅಂಟಿಕೊಳ್ಳುತ್ತದೆ. ತುಕ್ಕು ಮೊದಲು ಕಚ್ಚುವುದು ಕಣ್ಣಿಗೆ ಕಾಣದ ಕಡೆ: ನಳಿಗೆಯ ಕೆಳಗಿನ ಮರದ ಹಿಡಿಯೊಳಗೆ, ತೋಟೆ ಎತ್ತುವ ಎಕ್ಸ್‌ಟ್ರಾಕ್ಟರ್ ಅಡಿಯಲ್ಲಿ, ಎರಡು ನಳಿಗೆ ಕೂಡಿಸಿದ ಪಟ್ಟಿಯ ಅಂಚಿಗೆ. ಬೆವರು ಕೈ ತಾಗಿದ ಕಡೆಯೆಲ್ಲ ಒರೆಸಿ.

ಕೋವಿ ಒಂದು ಬೀಗದಲ್ಲಿ, ತೋಟೆ ಬೇರೆ ಬೀಗದಲ್ಲಿ ಇರಲಿ. ಕಬ್ಬಿಣದ ಕಪಾಟಿಗೆ 200 ಗ್ರಾಂ ಸಿಲಿಕಾ ಜೆಲ್ ಬಟ್ಟೆ ಗಂಟಿನಲ್ಲಿ ಹಾಕಿಡಿ. ಬಣ್ಣದ ಹರಳಾದರೆ ನೀಲಿ ಹೋಗಿ ಗುಲಾಬಿಯಾದಾಗ ಹಳೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಮಳೆಗಾಲದಲ್ಲಿ 15 ದಿನಕ್ಕೊಮ್ಮೆ ತೆಗೆದು ಒರೆಸಿ.

ಪ್ರತಿ ಸಲ ತೋಟೆ ತುಂಬುವ ಮೊದಲು ನಳಿಗೆಯೊಳಗೆ ಬೆಳಕಿಗೆ ಹಿಡಿದು ನೋಡಿ. ಮೂಲೆಯಲ್ಲಿ ನಿಲ್ಲಿಸಿದ ಕೋವಿಯ ಬಾಯಲ್ಲಿ ಕಡಜ ಮಣ್ಣಿನ ಗೂಡು ಕಟ್ಟುತ್ತದೆ. ಬೆರಳಿನ ಗಾತ್ರದ ಆ ಒಣಮಣ್ಣು ನಳಿಗೆ ಒಡೆಯಲು ಸಾಕು, ಎಡಗೈ ಹೋಗುತ್ತದೆ. ಟ್ರಿಗರ್ ಎಳೆದರೂ ಹಾರದಿದ್ದರೆ ಬಾಯಿ ಧರೆಯ ಕಡೆಗೇ ಇಟ್ಟು ಅರ್ಧ ನಿಮಿಷ ಕಾದು ಆಮೇಲೆ ತೆರೆಯಿರಿ, ಒದ್ದೆ ತೋಟೆ ತಡವಾಗಿ ಹಾರುವುದುಂಟು. 'ಫುಸ್' ಎಂದು ಸಣ್ಣ ಸದ್ದಷ್ಟೇ ಬಂದರೆ ಎರಡನೇ ಈಡು ಹೊಡೆಯಬೇಡಿ, ತೋಟೆಯೊಳಗಿನ ಬೆಣೆ ನಳಿಗೆಯಲ್ಲೇ ಸಿಕ್ಕಿರುತ್ತದೆ.

12 ಬೋರಿನಲ್ಲಿ 65 ಮತ್ತು 70 ಮಿಲಿಮೀಟರ್ ಎಂದು ಎರಡು ಅಳತೆಯ ತೋಟೆ ಇವೆ. 65ರ ಕೋವಿಯಲ್ಲಿ 70ರ ತೋಟೆ ಸಲೀಸಾಗಿ ಕೂರುತ್ತದೆ, ಅಪಾಯ ಇರುವುದು ಅಲ್ಲೇ: ಹಾರುವಾಗ ಅದರ ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. ನಳಿಗೆಯ ಮೇಲೆ ಕೊರೆದ ಅಳತೆ ನೋಡಿಯೇ ಕೊಳ್ಳಿ. ನಳಿಗೆಯ ಮೇಲೆ ಸುರುಳಿ ಸುರುಳಿ ನೆಯ್ಗೆಯಂಥ ಗೆರೆ ಕಂಡರೆ ಅದು ಡಮಾಸ್ಕಸ್ ನಳಿಗೆ, ಕರಿಮದ್ದಿನ ಕಾಲದ್ದು. ಈಗಿನ ತೋಟೆ ಅದಕ್ಕೆ ಹಾಕಲೇಬಾರದು.

ಚುನಾವಣೆಯ ಠೇವಣಿ

ಚುನಾವಣೆ ಘೋಷಣೆಯಾದ ಕೂಡಲೇ ಠಾಣೆಯಿಂದ ಕರೆ ಬರುತ್ತದೆ. ಚುನಾವಣಾ ಆಯೋಗದ ಸೂಚನೆ ಇರುವುದು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಒಬ್ಬೊಬ್ಬರ ಲೈಸೆನ್ಸ್ ನೋಡಿ, ಜಾಮೀನಿನ ಮೇಲಿರುವವರು, ಅಪರಾಧ ಹಿನ್ನೆಲೆಯವರು, ಗಲಭೆಯಲ್ಲಿ ಸಿಕ್ಕವರು ಇಂಥವರ ಶಸ್ತ್ರ ಇರಿಸಿಕೊಳ್ಳಲಿ ಎಂದು. ಯಾವ ಕೇಸೂ ಇಲ್ಲದ ಬೆಳೆಗಾರರೆಲ್ಲ ಸಾಲುಗಟ್ಟಿ ಕೋವಿ ಕೊಟ್ಟು, ತಿಂಗಳುಗಟ್ಟಲೆ ಬರಿಗೈಯಲ್ಲಿ ತೋಟ ಕಾಯುವುದು ನ್ಯಾಯವಲ್ಲ. ಅದಕ್ಕೇ ಚುನಾವಣೆಯ ವರ್ಷ ಮುಂಚೆಯೇ ಜಿಲ್ಲಾಧಿಕಾರಿಗೆ ವಿನಾಯಿತಿ ಅರ್ಜಿ ಕೊಡಿ: ಲೈಸೆನ್ಸ್ ಪ್ರತಿ, ಪಹಣಿ, ಬೆಳೆ ಹಾನಿಯ ಫೋಟೋ, ನನ್ನ ಮೇಲೆ ಯಾವ ಪ್ರಕರಣವೂ ಇಲ್ಲ ಎಂಬ ಒಂದು ಸಾಲು. ಸ್ವೀಕೃತಿ ಮುದ್ರೆ ಬೇಕು. ಆದೇಶ ಬರುವವರೆಗೆ ಹಠ ಬೇಡ, ಕರೆದರೆ ಕೋವಿ ಕೊಟ್ಟು ಆಮೇಲೆ ಕೇಳಿ.

ಕೊಡುವ ಹಿಂದಿನ ದಿನ ಮಾಮೂಲಿಗಿಂತ ದಪ್ಪಗೆ ಎಣ್ಣೆ ಹಚ್ಚಿ. ಕೋವಿಯ ನಂಬರ್, ನಳಿಗೆಯ ಬಾಯಿ, ಮರದ ಹಿಡಿ ಮೂರೂ ಕಾಣುವಂತೆ ಫೋಟೋ ತೆಗೆಯಿರಿ. ರಸೀದಿಯಲ್ಲಿ ಕೋವಿ ನಂಬರ್, ಲೈಸೆನ್ಸ್ ನಂಬರ್, ತೋಟೆ ಕೊಟ್ಟಿದ್ದರೆ ಎಷ್ಟು, 'ಸುಸ್ಥಿತಿಯಲ್ಲಿದೆ' ಎಂಬ ಮಾತು ಬರೆಸಿ. ಕೋವಿಗೆ ರಟ್ಟಿನ ಚೀಟಿ ಕಟ್ಟಿ ಹೆಸರು, ಊರು ಬರೆಯಿರಿ. ಫಲಿತಾಂಶ ಬಂದು ಒಂದು ವಾರಕ್ಕೆ ಠೇವಣಿಯ ಅವಧಿ ಮುಗಿಯುತ್ತದೆ, ಮರುದಿನವೇ ಹೋಗಿ ತನ್ನಿ. ಬೇಸಿಗೆಯಲ್ಲಿ ಕೊಟ್ಟ ಕೋವಿ ಮೊದಲ ಮಳೆ ಠಾಣೆಯ ಮೂಲೆಯಲ್ಲೇ ಕಳೆದರೆ ನಳಿಗೆಯಲ್ಲಿ ಗುಳಿ ಬಿದ್ದೇ ವಾಪಸ್ ಬರುತ್ತದೆ.

ಹಿರಿಯರ ಹೆಸರಿನ ಕೋವಿ

ಮನೆ, ತೋಟ ಮಕ್ಕಳಿಗೆ ಬರುವ ಹಾಗೆ ಲೈಸೆನ್ಸ್ ಬರುವುದಿಲ್ಲ. ಲೈಸೆನ್ಸ್‌ದಾರರು ತೀರಿಕೊಂಡರೆ ತಡಮಾಡದೆ ಕೋವಿಯನ್ನು ಠಾಣೆಗೋ ಲೈಸೆನ್ಸ್ ಇರುವ ಶಸ್ತ್ರ ವ್ಯಾಪಾರಿಗೋ ಒಪ್ಪಿಸಿ ರಸೀದಿ ಪಡೆಯಬೇಕು. ವೈಕುಂಠ ಸಮಾರಾಧನೆ ಮುಗಿದ ವಾರವೇ ಈ ಕೆಲಸ ಮಾಡಿ. ಆಮೇಲೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಇಟ್ಟು ಒಬ್ಬರು ಹೊಸ ಲೈಸೆನ್ಸಿಗೆ ಅರ್ಜಿ ಹಾಕಬಹುದು.

ಇದಕ್ಕಿಂತ ಸಲೀಸಾದ ದಾರಿ ಹಿರಿಯರು ಇರುವಾಗಲೇ ವರ್ಗಾಯಿಸುವುದು. 2016ರ ನಿಯಮಗಳ 25ನೇ ನಿಯಮದಂತೆ ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಕೋವಿ ಅವರ ಹತ್ತಿರ 25 ವರ್ಷ ಇದ್ದರೆ, ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಲು ಅವಕಾಶವಿದೆ. ಮಗ, ಮಗಳು, ಸೊಸೆ, ಅಳಿಯ ಯಾರೂ ಕೇಳಬಹುದು. ಬೆಂಗಳೂರಿನಲ್ಲಿರುವ ಮಗನಿಗಿಂತ ತೋಟದಲ್ಲೇ ಇರುವ ಸೊಸೆಯ ಹೆಸರಿಗೆ ಮಾಡಿಸುವುದು ಸರಿ. ತರಬೇತಿ ಪ್ರಮಾಣಪತ್ರ ಮತ್ತು ವೈದ್ಯಕೀಯ ಪ್ರಮಾಣಪತ್ರ ಅವರ ಹೆಸರಲ್ಲಿ ಮೊದಲು ಮಾಡಿಸಿ, ಅರ್ಜಿ ಆಮೇಲೆ.